ಹಸಿಯಿಂದ ಹಸಿರು: ಒಂದು ಬಣ್ಣದ ಹೆಸರಿನ ಬೇರು, ಕವಲು

ಕನ್ನಡದಲ್ಲಿ ಬಣ್ಣದ ಹೆಸರುಗಳು ಎಷ್ಟೇ ಇದ್ದರೂ ಅಚ್ಚಗನ್ನಡದ ಹಳೆಯ ಹೆಸರುಗಳು ನಾಲ್ಕೇ: ಕಪ್ಪು, ಬಿಳಿ, ಕೆಂಪು, ಹಸಿರು. ನೀಲಿ ಸಂಸ್ಕೃತದಿಂದ ಬಂತು. ಹಳದಿ ಮರಾಠಿಯ ಹಳದ್, ಹಿಂದಿಯ ಹಲ್ದಿಗಳ ಒಡಹುಟ್ಟು. ಗುಲಾಬಿ ಪಾರಸಿಯಿಂದ ಬಂದ ಹೂವು. ನೇರಳೆ, ಕಿತ್ತಳೆ ಹಣ್ಣುಗಳು. ಬೂದು ಒಲೆಯೊಳಗಿನ ಬೂದಿ. ಕಂದು ಅಚ್ಚಗನ್ನಡವೇ, ಆದರೆ ಬಾಡು, ಕಳೆಗುಂದು ಎಂಬ ಅರ್ಥದ ಕ್ರಿಯಾಪದ ಅದು. ಬಣ್ಣದ ಪಟ್ಟ ಆಮೇಲೆ ಸಿಕ್ಕಿತು.

ಯಾವುದು ಹಳಬ, ಯಾವುದು ಹೊಸಬ ಎಂದು ತಿಳಿಯಲು ನಿಘಂಟೇ ಬೇಕೆಂದಿಲ್ಲ. ಆಡುಮಾತಿನಲ್ಲಿ ಕಪ್ಪಗೆ, ಬೆಳ್ಳಗೆ, ಕೆಂಪಗೆ, ಹಚ್ಚಗೆ ಎಂಬ ನಾಲ್ಕು ರೂಪಗಳು ಸಲೀಸಾಗಿ ಬರುತ್ತವೆ. ನೀಲಿಗೂ ಹಳದಿಗೂ ಈ ‘ಗೆ’ ಒಗ್ಗುವುದಿಲ್ಲ. ಅವು ‘ನೀಲಿಯಾಗಿ’, ‘ಹಳದಿಯಾಗಿ’ ಎಂದು ಬಳಸುದಾರಿ ಹಿಡಿಯಬೇಕು. ದ್ರಾವಿಡ ಭಾಷೆಗಳನ್ನು ಕುರಿತ ತಮ್ಮ 2003ರ ಗ್ರಂಥದಲ್ಲಿ ಭದ್ರಿರಾಜು ಕೃಷ್ಣಮೂರ್ತಿ ಅವರು ಮೂಲ ದ್ರಾವಿಡಕ್ಕೆ ಗುರುತಿಸುವ ಮುಖ್ಯ ಬಣ್ಣಗಳೂ ಈ ನಾಲ್ಕೇ. ಆದರೆ ನಾಲ್ಕನೆಯದರ ಮುಂದೆ ಅರ್ಥ ಬರೆಯುವಾಗ ಒಂದೇ ಬಣ್ಣ ಸಾಲುವುದಿಲ್ಲ, ಹಸಿರು ಮತ್ತು ಹಳದಿ ಎರಡನ್ನೂ ಹಾಕಬೇಕಾಗುತ್ತದೆ. ಈ ಪದದ ಕತೆ ಸ್ವಾರಸ್ಯವಾಗುವುದು ಅಲ್ಲಿಂದಲೇ.

ಮೊದಲು ರೂಪದ ಮಾತು. ಹಳಗನ್ನಡದಲ್ಲಿ ಇದು ಪಸುರ್. ಪಂಪನ ಕಾಲದ, ಅಂದರೆ 10ನೇ ಶತಮಾನದ ಕಾವ್ಯಭಾಷೆಯಲ್ಲಿ ಪಾಲಿಗೆ, ಪೂವಿಗೆ, ಪುಲಿಗೆ ಇದ್ದ ಪಕಾರವೇ ಇದಕ್ಕೂ ಇತ್ತು. ಆ ಹೊತ್ತಿಗಾಗಲೇ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರ ಇಣುಕತೊಡಗಿತ್ತು. ಮುಂದಿನ ನಾಲ್ಕೈದು ಶತಮಾನಗಳಲ್ಲಿ ಪದದ ಮೊದಲಿನ ಪಕಾರ ಬಹುಪಾಲು ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಸುರ್ ಹಸುರ್ ಆಯಿತು. ವ್ಯಂಜನದಲ್ಲಿ ಕೊನೆಯಾಗುವ ಪದಗಳಿಗೆ ಉಕಾರ ಸೇರುವ ರೂಢಿಯಂತೆ ಹಸುರು. ನಡುವಿನ ಉಕಾರ ಇಕಾರಕ್ಕೆ ಜಾರಿ ಹಸಿರು. ತುಳು, ತಮಿಳು, ತೆಲುಗು, ಮಲಯಾಳಂಗಳಿಗೆ ಈ ಹಕಾರದ ಗಾಳಿ ಸೋಕಲಿಲ್ಲ. ಅಲ್ಲಿ ಇಂದಿಗೂ ಪಕಾರವೇ.

ಈ ಎಲ್ಲ ರೂಪಗಳ ಕೆಳಗಿರುವ ಬೇರು ‘ಪಚ್’. ಎರಡು ಸ್ವರಗಳ ನಡುವೆ ಒಂಟಿಯಾಗಿ ನಿಂತ ಚಕಾರ ಕನ್ನಡ ಮತ್ತು ತೆಲುಗುಗಳಲ್ಲಿ ಸಕಾರವಾಗುತ್ತದೆ, ತುಳುವಿನಲ್ಲಿ ಜಕಾರ. ಹೀಗೆ ಕನ್ನಡದಲ್ಲಿ ಪಸಿ, ಪಸುರ್, ತೆಲುಗಿನಲ್ಲಿ ಪಸಿ, ಪಸುಪು, ತುಳುವಿನಲ್ಲಿ ಪಜಿ. ಚಕಾರ ಒತ್ತಿ ಇಮ್ಮಡಿಯಾದಲ್ಲಿ ಮಾತ್ರ ಅದು ಹಾಗೆಯೇ ಗಟ್ಟಿಯಾಗಿ ಉಳಿಯುತ್ತದೆ: ತಮಿಳಿನ ಪಚ್ಚೈ, ಮಲಯಾಳಂ ಮತ್ತು ತೆಲುಗಿನ ಪಚ್ಚ, ತುಳುವಿನ ಪಚ್ಚೆ, ಕನ್ನಡದ ಹಚ್ಚ. ‘ಹಚ್ಚಹಸಿರು’ ಎನ್ನುವಾಗ ಕನ್ನಡಿಗರು ಒಂದೇ ಬೇರಿನ ಎರಡು ರೂಪಗಳನ್ನು ಜೋಡಿಸಿ ಹೇಳುತ್ತಾರೆ. ಫರ್ಡಿನೆಂಡ್ ಕಿಟೆಲ್ 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟಿನಲ್ಲಿ ಕನ್ನಡದ ಪದಗಳ ಪಕ್ಕದಲ್ಲಿ ನೆರೆಭಾಷೆಗಳ ರೂಪಗಳನ್ನು ಕೊಟ್ಟು ಈ ನಂಟನ್ನು ಕಾಣಿಸಿದ್ದರು. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ (1961, ಪರಿಷ್ಕೃತ ಮುದ್ರಣ 1984) ಇಡೀ ಕುಟುಂಬವನ್ನು ಒಂದೇ ಉಲ್ಲೇಖದಡಿ ತಂದಿತು.

ಆ ಕುಟುಂಬದಲ್ಲಿ ಹಿರಿಯಕ್ಕ ಹಸಿರು ಅಲ್ಲ, ಹಸಿ.

ಹಸಿ ಎಂದರೇನು ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಹಸಿ ಹಾಲು ಕಾಯಿಸದ್ದು. ಹಸಿ ಸೌದೆ ಒಣಗದ್ದು. ಹಸಿ ಮಡಕೆ ಸುಡದ್ದು. ಹಸಿ ಗೋಡೆ ನೀರಾರದ್ದು. ಹಸಿ ಗಾಯ ಮಾಯದ್ದು. ಹಸಿ ಬಾಣಂತಿ ಹೆತ್ತು ಇನ್ನೂ ದಿನ ತುಂಬದವಳು. ಎಲ್ಲದರಲ್ಲೂ ಒಂದು ‘ಅದ್ದು’, ಒಂದು ಇಲ್ಲ ಇದೆ. ಬೆಂಕಿಯೋ ಬಿಸಿಲೋ ಕಾಲವೋ ತನ್ನ ಕೆಲಸವನ್ನು ಇನ್ನೂ ಮಾಡಿ ಮುಗಿಸಿಲ್ಲ, ವಸ್ತುವಿನೊಳಗೆ ತೇವ ಉಳಿದಿದೆ ಎಂಬುದೇ ಇದರ ತಿರುಳು. ಅಡುಗೆ ಹೇಳಿಕೊಡುವವರು ಮಸಾಲೆಯನ್ನು ‘ಹಸಿ ವಾಸನೆ ಹೋಗುವ ತನಕ’ ಹುರಿಯಿರಿ ಎನ್ನುತ್ತಾರಲ್ಲ, ಅಲ್ಲಿ ಹಸಿ ಒಂದು ವಾಸನೆಯೂ ಹೌದು. ಬಣ್ಣದ ಸುಳಿವೇ ಇಲ್ಲ.

ಬಣ್ಣಕ್ಕೂ ಸ್ಥಿತಿಗೂ ಇರುವ ವ್ಯತ್ಯಾಸ ಚೆನ್ನಾಗಿ ಕಾಣುವುದು ಮೆಣಸಿನಕಾಯಿಯಲ್ಲಿ. ಹಸಿಮೆಣಸಿನಕಾಯಿ ಸಾಮಾನ್ಯವಾಗಿ ಹಸಿರಾಗಿರುವುದರಿಂದ ಆ ಹೆಸರು ಬಣ್ಣದ್ದೆಂದು ಹಲವರು ತಿಳಿದಿದ್ದಾರೆ. ನಗರದ ಅಂಗಡಿಗಳಲ್ಲಿ ‘ಹಸಿರು ಮೆಣಸಿನಕಾಯಿ’ ಎಂಬ ಮಾತೂ ಓಡುತ್ತದೆ. ಆದರೆ ಉತ್ತರ ಕರ್ನಾಟಕದಲ್ಲಿ ರಂಜಕ ಅರೆಯುವವರಿಗೆ ಬೇಕಾಗುವುದು ಗಿಡದಲ್ಲೇ ಹಣ್ಣಾಗಿ ಕೆಂಪೇರಿದ, ಆದರೆ ಒಣಗದ ಕಾಯಿ. ಅದನ್ನು ಸಂತೆಯಲ್ಲಿ ‘ಕೆಂಪು ಹಸಿಮೆಣಸಿನಕಾಯಿ’ ಎಂದು ಕೇಳಿ ಕೊಳ್ಳುತ್ತಾರೆ. ಹಸಿ ಎಂಬುದು ಬಣ್ಣವಾಗಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಆ ಸೀಮೆಯ ಹಸಿ ಕೊಬ್ಬರಿ ಬೆಳ್ಳಗಿರುತ್ತದೆ, ಹಸಿ ಶುಂಠಿ ಮಣ್ಣಿನ ಬಣ್ಣದ್ದು. ಹಸಿಯ ಎದುರುಪದ ಕೆಂಪೂ ಅಲ್ಲ, ಬಿಳಿಯೂ ಅಲ್ಲ. ಒಣ, ಬೆಂದ, ಮಾಗಿದ ಇವೇ.

ಈ ಅರ್ಥ ಮಾತಿನ ಲೋಕಕ್ಕೂ ನುಗ್ಗಿದೆ. ಹಸಿ ಸುಳ್ಳು ಎಂದರೆ ಬೇಯಿಸದೆ, ಒಗ್ಗರಣೆಯನ್ನೂ ಹಾಕದೆ ಎಲೆಗೆ ಬಡಿಸಿದ ಸುಳ್ಳು. ಇದು ಕನ್ನಡದ ಒಂಟಿ ಚಮತ್ಕಾರವೂ ಅಲ್ಲ. ತಮಿಳರದು ಪಚ್ಚೈಪ್ಪೊಯ್, ತೆಲುಗರದು ಪಚ್ಚಿ ಅಬದ್ಧಂ, ಮಲಯಾಳಿಗಳದು ಪಚ್ಚಕ್ಕಳ್ಳಂ. ಸುಳ್ಳಿಗೆ ನಾಲ್ಕು ಭಾಷೆಗಳಲ್ಲಿ ನಾಲ್ಕು ಬೇರೆ ಬೇರೆ ಪದಗಳಿವೆ. ಅದಕ್ಕೆ ಹಚ್ಚಿದ ವಿಶೇಷಣ ಮಾತ್ರ ಒಂದೇ. ಒಬ್ಬರಿಂದೊಬ್ಬರು ಕಲಿತರೋ, ಹಳೆಯ ಮನೆಯಿಂದಲೇ ಹೊತ್ತು ತಂದರೋ, ದಕ್ಷಿಣದಲ್ಲಿ ಸುಳ್ಳಿನ ಗುಣ ಅಳೆಯುವ ಕೋಲು ಒಂದೇ ಎಂಬುದಂತೂ ನಿಜ.

ಹಸಿಯ ಇನ್ನೊಂದು ಕವಲು ಎಳೆತನ. ಹಸುಗೂಸು, ಹಸುಳೆ ಎರಡರಲ್ಲೂ ಇರುವ ‘ಹಸು’ ಎಳೆಯದು ಎಂದರ್ಥದ್ದು. ತೆಲುಗಿನ ಪಸಿಪಾಪ, ಪಸಿವಾಡು ಇವುಗಳ ಜೊತೆಯವು. ಇದಕ್ಕೂ ಕೊಟ್ಟಿಗೆಯ ಹಸುವಿಗೂ ಸಂಬಂಧವಿಲ್ಲ. ಕೊಟ್ಟಿಗೆಯದು ಸಂಸ್ಕೃತದ ಪಶು ಪದದ ತದ್ಭವ. ಪಶು ಪಸುವಾಗಿ, ಪಸು ಹಸುವಾದ ಮೇಲೆ ಎರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತವು. ಹಸುವಿನಷ್ಟು ಸಾಧುವಾದ ಕೂಸು ಹಸುಗೂಸು ಎಂಬ ಅರ್ಥವಿವರಣೆ ಹುಟ್ಟಲು ಅಷ್ಟೇ ಸಾಕಾಯಿತು.

ಹೀಗೆ ಮುಖ ಹೋಲುವ ಆದರೆ ನೆಂಟರಲ್ಲದ ಪದಗಳು ಇನ್ನೂ ಕೆಲವಿವೆ. ಹಸಿವು ತಮಿಳಿನ ಪಸಿಗೆ ಸೇರಿದ್ದು. ನಿಷ್ಪತ್ತಿ ಕೋಶ ಅದನ್ನು ಬೇರೆಯಾಗಿಯೇ ಇಟ್ಟಿದೆ. ಹೆಸರುಕಾಳು ಹಸಿರಾಗಿರುವುದು ನಿಜವಾದರೂ ಅದರ ಹೆಸರು ಹಸಿರಿನಿಂದ ಬಂದದ್ದಲ್ಲ. ಅದು ತಮಿಳಿನ ಪಯರು, ತೆಲುಗಿನ ಪೆಸಲು ಇವುಗಳ ಪಂಕ್ತಿಯದು. ದಕ್ಷಿಣ ಕನ್ನಡದವರು ಆ ಕಾಳನ್ನು ‘ಪಚ್ಚೆ ಹೆಸರು’ ಎನ್ನುತ್ತಾರೆ. ಹೆಸರಿನಲ್ಲೇ ಹಸಿರು ಅಡಗಿದ್ದರೆ ಮೇಲೆ ಇನ್ನೊಂದು ಪಚ್ಚೆ ಬೇಕಿರಲಿಲ್ಲ. ಶಾಲೆಯ ಗೋಡೆ, ಲಾರಿಯ ಬೆನ್ನು ಎಲ್ಲೆಂದರಲ್ಲಿ ಕಾಣುವ ‘ಹಸಿರೇ ಉಸಿರು’ ಘೋಷಣೆಯ ಎರಡು ಪದಗಳಿಗೂ ಪ್ರಾಸದ ಹೊರತು ಬೇರೆ ನಂಟಿಲ್ಲ. ಘೋಷಣೆಗೆ ಪ್ರಾಸ ಸಾಕು ಬಿಡಿ.

ಇನ್ನು ಹಳದಿಯ ತೊಡಕು. ತೆಲುಗಿನಲ್ಲಿ ಪಚ್ಚ ಎಂದರೆ ಹಸಿರೂ ಹೌದು, ಹಳದಿಯೂ ಹೌದು. ಕಾಮಾಲೆಗೆ ತೆಲುಗರು ಪಚ್ಚ ಕಾಮೆರ್ಲು ಎನ್ನುತ್ತಾರೆ. ಅಲ್ಲಿ ಪಚ್ಚ ಶುದ್ಧ ಹಳದಿ. ಪಚ್ಚಿಕ ಎಂದರೆ ಹುಲ್ಲು, ಅಲ್ಲಿ ಹಸಿರು. ಯೋಜನೆಯೊಂದಕ್ಕೆ ಸಮ್ಮತಿ ಸಿಕ್ಕಿತು ಎನ್ನಲು ಬೀಸುವ ಪಚ್ಚಜೆಂಡಾ ಹಸಿರು, 1982ರಲ್ಲಿ ಎನ್.ಟಿ. ರಾಮರಾವ್ ಕಟ್ಟಿದ ತೆಲುಗುದೇಶಂ ಪಕ್ಷದ ಪಚ್ಚಜೆಂಡಾ ಹಳದಿ. ಸಂದೇಹಕ್ಕೆ ಎಡೆ ಬೇಡವೆಂದರೆ ಹಸಿರಿಗೆ ಆಕುಪಚ್ಚ, ಅಂದರೆ ಎಲೆಯ ಪಚ್ಚ ಎನ್ನಬೇಕು. ಹಳದಿಗೆ ಪಸುಪು. ಪಸುಪು ಎಂದರೆ ಅರಿಶಿನ. ಅದೂ ಇದೇ ಬೇರಿನದು. ಚಿನ್ನಕ್ಕಿರುವ ಪಸಿಡಿ ಎಂಬ ಹೆಸರೂ ಇದರದೇ.

ತಮಿಳಿನಲ್ಲಿ ಪಚ್ಚೈ ಈಗ ಹಸಿರಾಗಿಯೇ ನಿಂತಿದೆ, ಹಳದಿಗೆ ಮಂಜಳ್ ಇದೆ. ಹಳೆಯ ತಮಿಳಿನಲ್ಲಿ ಗೆರೆ ಇಷ್ಟು ಖಚಿತವಾಗಿರಲಿಲ್ಲ. ಪಸುಂಪೊನ್ ಎಂದರೆ ಹಸಿರು ಚಿನ್ನ ಅಲ್ಲ, ಅಪ್ಪಟ ಚಿನ್ನ. ಇನಿಯನನ್ನು ಅಗಲಿದ ಹೆಣ್ಣಿನ ಮೈಗೆ ಅಡರುವ ವಿವರ್ಣಕ್ಕೆ ಸಂಗಂ ಕವಿಗಳು ಬಳಸುವ ಪದ ಪಸಲೈ. ಹಳದಿಗೆ ತಿರುಗಿದ, ರಕ್ತ ಇಳಿದ ಚರ್ಮದ ಬಣ್ಣ. ತಿರುಕ್ಕುರಳ್ ಈ ಒಂದೇ ವಿಷಯಕ್ಕೆ ತನ್ನ 119ನೇ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟಿದೆ. ಕನ್ನಡದಲ್ಲಿ ‘ಹಚ್ಚಗಿರು’ ಎಂದರೆ ನಳನಳಿಸು, ಬಾಡದಿರು. ತಮಿಳಿನಲ್ಲಿ ಅದೇ ಬೇರು ಬಾಡಿದವಳ ಬಣ್ಣವನ್ನೂ ಹೇಳಬಲ್ಲದು. ಚಿಗುರುವಾಗಲೂ ಉದುರುವಾಗಲೂ ಎಲೆಯ ಮೇಲೆ ಹಳದಿ ಹಾಯುತ್ತದೆ ಎಂಬುದನ್ನು ನೆನೆದರೆ ಇದು ವಿರೋಧಾಭಾಸವಾಗಿ ತೋರುವುದಿಲ್ಲ.

ಎರಡು ಬಣ್ಣಕ್ಕೆ ಒಂದೇ ಹೆಸರಿಡುವುದು ದ್ರಾವಿಡ ಭಾಷೆಗಳ ವಿಚಿತ್ರವೇನಲ್ಲ. ಸಂಸ್ಕೃತದ ಹರಿ, ಹರಿತ್ ಪದಗಳು ಹಸಿರನ್ನೂ ಹಳದಿಯನ್ನೂ ಹೇಳುತ್ತವೆ. ಅರಿಶಿನಕ್ಕೆ ಹರಿದ್ರಾ ಎಂಬ ಹೆಸರು ಬಂದದ್ದೂ ಅಲ್ಲಿಂದ, ಹರಿದ್ರಾದಿಂದ ಹಲ್ದಿ, ಹಳದಿ. ತೆಲುಗು ತನ್ನ ಪಚ್ಚದಿಂದ ಪಸುಪನ್ನು ಮಾಡಿಕೊಂಡಂತೆಯೇ ಸಂಸ್ಕೃತ ತನ್ನ ಹರಿಯಿಂದ ಹರಿದ್ರೆಯನ್ನು ಮಾಡಿಕೊಂಡಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷಾಕುಟುಂಬಗಳು ಒಂದೇ ಕೊಂಬನ್ನು ಒಂದೇ ಬಗೆಯಲ್ಲಿ ಹೆಸರಿಸಿದವು. ಕನ್ನಡ ಶಾಲಾಪುಸ್ತಕದ ಪತ್ರಹರಿತ್ತಿನಲ್ಲಿರುವುದು ಈ ಹರಿತ್ ಪದವೇ. ಇಂಗ್ಲಿಷಿನ ಕ್ಲೋರೊಫಿಲ್‌ಗೆ ಮೂಲವಾದ ಗ್ರೀಕಿನ ಕ್ಲೋರೋಸ್ ಕೂಡ ಹಳದಿ ಬೆರೆತ ತಿಳಿಹಸಿರು. 1810ರಲ್ಲಿ ಹಂಫ್ರಿ ಡೇವಿ ಹಳದಿ ಛಾಯೆಯ ಅನಿಲಕ್ಕೆ ಕ್ಲೋರಿನ್ ಎಂದದ್ದೂ ಅದರಿಂದಲೇ. ಜಪಾನಿ ಭಾಷೆಯ ‘ಅಓ’ ಬೇರೆ ಕಡೆಗೆ ವಾಲಿ ನೀಲಿಯನ್ನೂ ಹಸಿರನ್ನೂ ಒಟ್ಟಿಗೆ ಹಿಡಿಯಿತು. ರಸ್ತೆಯ ಹಸಿರು ದೀಪ ಜಪಾನಿನಲ್ಲಿ ಇಂದಿಗೂ ‘ಅಓ’. ಇಂಗ್ಲಿಷಿನ ಗ್ರೀನ್ ಮಾತ್ರ ಬೆಳೆ, ಹುಲ್ಲು ಎಂಬರ್ಥದ ಪದಗಳ ಬುಡದಿಂದ ಬಂದದ್ದು, ಹಾಗಾಗಿ ಸ್ವಭಾವದಲ್ಲಿ ಹಸಿರಿಗೆ ಹತ್ತಿರ.

ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ 1969ರ ತಮ್ಮ ಪುಸ್ತಕದಲ್ಲಿ 98 ಭಾಷೆಗಳನ್ನು ಹೋಲಿಸಿ, ಬಣ್ಣದ ಹೆಸರುಗಳು ಭಾಷೆಗಳಲ್ಲಿ ಒಂದು ಕ್ರಮದಲ್ಲೇ ಹುಟ್ಟುತ್ತವೆ ಎಂದು ವಾದಿಸಿದರು. ಮೊದಲು ಕಪ್ಪು ಬಿಳಿ, ಅನಂತರ ಕೆಂಪು, ಆಮೇಲೆ ಹಸಿರು ಅಥವಾ ಹಳದಿ, ನೀಲಿ ಅದರ ನಂತರ, ಉಳಿದವು ಕೊನೆಗೆ. ಈ ವಾದಕ್ಕೆ ಬಂದ ಆಕ್ಷೇಪಗಳು ಕಡಿಮೆಯಲ್ಲ. ಮುಂದೆ ಅವರೇ ಅದನ್ನು ತಿದ್ದಿಕೊಂಡರು. ಆದರೂ ಕನ್ನಡದ ಪಟ್ಟಿ ಅದರ ಪಕ್ಕದಲ್ಲಿ ಇಟ್ಟರೆ ಮಟ್ಟಸವಾಗಿ ಕೂರುತ್ತದೆ: ಮೊದಲ ನಾಲ್ಕು ಮನೆಯವು, ಐದನೆಯದರಿಂದ ಮುಂದೆ ಬಹುಪಾಲು ಎರವಲು ಅಥವಾ ಹಣ್ಣು ಹೂವು ಬೂದಿ. ಆದರೆ ಈ ಬಗೆಯ ಅಧ್ಯಯನ ಬಣ್ಣದ ಬಿಲ್ಲೆಗಳನ್ನು ಮುಂದಿಟ್ಟು ‘ಇದರ ಹೆಸರೇನು’ ಎಂದು ಕೇಳುತ್ತದೆ. ಹಸಿ, ತೇವ, ಎಳಸು ಯಾವ ಬಿಲ್ಲೆಯಲ್ಲೂ ಕಾಣಿಸುವುದಿಲ್ಲ. ಹಸಿರಿನಂಥ ಪದದ ಅರ್ಧ ಅರ್ಥ ಆ ಪ್ರಶ್ನೆಯಲ್ಲೇ ಸೋರಿಹೋಗುತ್ತದೆ.

ಪಕಾರ ಕಳೆದುಕೊಳ್ಳದೆ ಕನ್ನಡದಲ್ಲಿ ಉಳಿದ ರೂಪ ಪಚ್ಚೆ. ರತ್ನಗಳಲ್ಲಿ ಪಚ್ಚೆ ಎಂದರೆ ಮರಕತ. ಕರಾವಳಿಯ ಕನ್ನಡದಲ್ಲಿಯೂ ಹವ್ಯಕರ ಮಾತಿನಲ್ಲಿಯೂ ಪಚ್ಚೆ ಬರಿಯ ಬಣ್ಣ. ತುಳುವಿನ ಒಡನಾಟ ಅದನ್ನು ಕಾಪಾಡಿದೆ. ಗಡಿ ದಾಟಿ ಕೇರಳಕ್ಕೆ ಹೋದರೆ ಕಥಕ್ಕಳಿಯಲ್ಲಿ ನಳ, ಅರ್ಜುನ, ಕೃಷ್ಣರಂಥ ಧೀರೋದಾತ್ತ ಪಾತ್ರಗಳ ಮುಖಕ್ಕೆ ಬಳಿಯುವುದು ಹಸಿರು. ಆ ವೇಷದ ಹೆಸರೇ ಪಚ್ಚ. ಇದೆಲ್ಲದರ ನಡುವೆ ಪಚ್ಚಕರ್ಪೂರ ಹೊಸಬರನ್ನು ತಪ್ಪದೆ ಮೋಸಗೊಳಿಸುತ್ತದೆ. ಲಡ್ಡುವಿಗೆ, ದೇವಸ್ಥಾನದ ತೀರ್ಥಕ್ಕೆ ಚಿಟಿಕೆಯಷ್ಟು ಹಾಕುವ ಆ ಹರಳಿನಲ್ಲಿ ಹಸಿರಿನ ಛಾಯೆ ಕೂಡ ಇಲ್ಲ, ಅದು ಅಚ್ಚ ಬಿಳಿ. ಅಲ್ಲಿ ಪಚ್ಚ ಎಂದರೆ ಹಸಿ, ಸಹಜ. ಕಾಯಿಸದ ತಣ್ಣೀರಿಗೆ ಮಲಯಾಳಿಗಳು ಪಚ್ಚವೆಳ್ಳಂ ಎನ್ನುವುದೂ ಇದೇ ಲೆಕ್ಕದಲ್ಲಿ.

ಹಚ್ಚೆಯ ಕತೆ ಇದಕ್ಕೆ ತಿರುಗುಮುರುಗು. ಮೈಗೆ ಹಚ್ಚುವುದರಿಂದ ಹಚ್ಚೆ ಎಂದು ಸುಲಭವಾಗಿ ತೋರುತ್ತದೆ. ಆದರೆ ಹಚ್ಚೆಯನ್ನು ಹಚ್ಚುವುದಿಲ್ಲ, ಚುಚ್ಚುತ್ತಾರೆ ಅಥವಾ ಹುಯ್ಯುತ್ತಾರೆ. ತಮಿಳಿನಲ್ಲಿ ಅದು ಪಚ್ಚೈ ಕುತ್ತುದಲ್, ತೆಲುಗಿನಲ್ಲಿ ಪಚ್ಚಬೊಟ್ಟು. ಆ ಎರಡು ಭಾಷೆಗಳಲ್ಲೂ ಪದ ನೇರವಾಗಿ ಬಣ್ಣದ್ದು. ಪಕಾರ ಹಕಾರವಾದ ಕನ್ನಡದಲ್ಲಿ ಮಾತ್ರ ಆ ಬಣ್ಣ ಮರೆಯಾಗಿ ‘ಹಚ್ಚು’ ಎಂಬ ಬೇರೆ ಕ್ರಿಯಾಪದದ ಪಕ್ಕಕ್ಕೆ ಬಂದು ನಿಂತಿತು. ಕೊರವಂಜಿಯರು ಹುಯ್ಯುತ್ತಿದ್ದ ಸಾಂಪ್ರದಾಯಿಕ ಹಚ್ಚೆಯ ಬಣ್ಣ ದೀಪದ ಮಸಿ, ಸೊಪ್ಪಿನ ರಸಗಳದ್ದು. ಸೂಜಿಯ ತುದಿಯಲ್ಲಿ ಕಪ್ಪಗಿದ್ದ ಮಸಿ ಗಾಯ ಮಾಯ್ದ ಮೇಲೆ ಚರ್ಮದಡಿಯಿಂದ ಕಾಣುವಾಗ ನೀಲಿಹಸಿರಾಗಿ ತೋರುತ್ತದೆ. ಅಜ್ಜಿಯರ ಮುಂಗೈ ನೋಡಿದವರಿಗೆ ಹೆಸರಿನ ಕಾರಣ ಬೇರೆ ಹೇಳಬೇಕಿಲ್ಲ.

ಆಚರಣೆಗಳಲ್ಲಿ ಹಸಿರು ಬಣ್ಣವಾಗಿ ಬಂದರೂ ಹಳೆಯ ಅರ್ಥವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಸೀಮಂತದಲ್ಲಿ ಬಸುರಿಗೆ ಹಸಿರು ಸೀರೆ, ಹಸಿರು ಗಾಜಿನ ಬಳೆ. ಮದುವೆಗೆ ಹಸಿರು ಚಪ್ಪರ, ಮಾವಿನೆಲೆಯ ತೋರಣ. ‘ನೆನಪು ಹಚ್ಚಹಸಿರಾಗಿದೆ’ ಎನ್ನುವಾಗ ನೆನಪಿಗೆ ಬಣ್ಣ ಬಳಿಯುವ ಉದ್ದೇಶ ಯಾರಿಗೂ ಇಲ್ಲ, ಅದು ಒಣಗಿಲ್ಲ ಎಂದಷ್ಟೇ ತಾತ್ಪರ್ಯ. ಸಾಹಿತ್ಯದಲ್ಲಿ ಈ ಪದವನ್ನೇ ಶೀರ್ಷಿಕೆಯಾಗಿಸಿಕೊಂಡವರಲ್ಲಿ ಇಬ್ಬರನ್ನು ಹೆಸರಿಸಬೇಕು. ಕುವೆಂಪು ಅವರ ‘ಹಸುರು’ ಕವಿತೆ ಒಂದು, ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಇನ್ನೊಂದು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಸಸ್ಯವಿಜ್ಞಾನಿಯ ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮದರಾಸಿನಲ್ಲಿ ಪಾಠ ಹೇಳುತ್ತಿದ್ದ, ತಮಿಳು ಬಲ್ಲ ಸ್ವಾಮಿಯವರ ಈ ಶೀರ್ಷಿಕೆ ತಮಿಳಿನ ಪಸುಂಪೊನ್ ಅನ್ನು ಪದಕ್ಕೆ ಪದವಾಗಿ ಹೋಲುವುದು ಗಮನಿಸತಕ್ಕದ್ದು. ತಮಿಳಿನಲ್ಲಿ ಹೊನ್ನಿಗೆ ವಿಶೇಷಣವಾಗಿದ್ದ ಹಸುರು ಇಲ್ಲಿ ತಾನೇ ಹೊನ್ನಾಗಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಸಿರಿಗೆ ಇಂಗ್ಲಿಷಿನ ಮೂಲಕ ಹೊಸ ಅರ್ಥಗಳು ಬಂದವು. 1968ರಲ್ಲಿ ಅಮೆರಿಕದ ವಿಲಿಯಂ ಗಾಡ್ ಬಳಕೆಗೆ ತಂದ ಮಾತು ಕನ್ನಡದಲ್ಲಿ ಹಸಿರು ಕ್ರಾಂತಿಯಾಯಿತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದವರ ಹೆಗಲ ಮೇಲಿನ ಹಸಿರು ಶಾಲು ರೈತನ ಗುರುತಾಗಿ ನಿಂತಿತು. ಅದು ಅನುವಾದವಲ್ಲ, ಪೈರಿನ ಬಣ್ಣ. ಅನಂತರದ ಹಸಿರು ಇಂಧನ, ಹಸಿರು ಕಟ್ಟಡಗಳಲ್ಲಿ ಹಸಿರು ಎಂದರೆ ಪರಿಸರಕ್ಕೆ ಕೇಡು ಕಡಿಮೆ ಎಂಬರ್ಥ. ಹಸಿರುಮನೆ ಅನಿಲದಲ್ಲಿ ಅನಿಲವೂ ಹಸಿರಲ್ಲ, ಅದರ ಪರಿಣಾಮವೂ ಹಸಿರಲ್ಲ. ಗಾಜಿನ ಮನೆಯೊಳಗೆ ಗಿಡ ಬೆಳೆಸುವವರ ಪದ ಎರಡು ಭಾಷೆ ದಾಟಿ ಬಂದು ಹೀಗಾಯಿತು. ದೀಪಾವಳಿಯ ಹಸಿರು ಪಟಾಕಿಯನ್ನು ಕೆಂಪು ಕಾಗದದಲ್ಲಿ ಸುತ್ತಿ ಮಾರಿದರೂ ಅದು ಹಸಿರೇ. ಇದಕ್ಕೆ ವಿರುದ್ಧವಾಗಿ ಬೆಂಗಳೂರಿನ ಮೆಟ್ರೊ ತನ್ನ ‘ಹಸಿರು ಮಾರ್ಗ’, ‘ನೇರಳೆ ಮಾರ್ಗ’ಗಳಲ್ಲಿ ಪದವನ್ನು ಬರಿಯ ಬಣ್ಣಕ್ಕೆ ಇಳಿಸಿದೆ. ಅದೇ ಊರಿನ ಕಸ ವಿಂಗಡಣೆಯಲ್ಲಿ ಹಸಿ ಕಸಕ್ಕೆ ಗೊತ್ತುಮಾಡಿದ ಡಬ್ಬಿಯ ಬಣ್ಣ ಹಸಿರು. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಅಕ್ಕತಂಗಿಯರು ದಿನಾ ಬೆಳಗ್ಗೆ ಅಡುಗೆಮನೆಯ ಹಿಂಬಾಗಿಲಲ್ಲಿ ಸಂಧಿಸುತ್ತಾರೆ.

ಉಳಿದದ್ದು ಕಾಗುಣಿತದ ಪ್ರಶ್ನೆ. ಹಸುರು, ಹಸಿರು ಎರಡರಲ್ಲಿ ಯಾವುದು ಸರಿ ಎಂದು ಆಗಾಗ ಕೇಳುವುದುಂಟು. ಪಸುರ್ ರೂಪಕ್ಕೆ ಹತ್ತಿರವಾದದ್ದು ಹಸುರು. ಕುವೆಂಪು, ಸ್ವಾಮಿ ಇಬ್ಬರೂ ಬಳಸಿದ್ದು ಅದನ್ನೇ. ಪತ್ರಿಕೆ, ಪಠ್ಯಪುಸ್ತಕ, ಸರ್ಕಾರಿ ಫಲಕಗಳಲ್ಲಿ ಈಗ ಹೆಚ್ಚು ಕಾಣುವುದು ಹಸಿರು. ಎರಡೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಆಯಿತು.